ದಕ್ಷಿಣ ಬೆಂಗಳೂರಿನ ಬಡ ಕುಟುಂಬಗಳಿಗೆ ಸರ್ಕಾರಿ ಆರೋಗ್ಯ ರಕ್ಷಣೆ

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಬಡಾವಣೆ ಹಾಗೂ ಅವುಗಳ ನಡುವೆ ಉಳಿದುಕೊಂಡಿರುವ ಹಳೆಯ ಊರು, ಕೊಳೆಗೇರಿಗಳಲ್ಲಿ ವಾಸಿಸುವ ಕಡಿಮೆ ಆದಾಯದ ಕುಟುಂಬಗಳಿಗೆ ಸರ್ಕಾರದ ಖರ್ಚಿನಲ್ಲಿ ದೊರೆಯುವ ಚಿಕಿತ್ಸೆ ಹಾಗೂ ಆರ್ಥಿಕ ನೆರವಿನ ವ್ಯವಸ್ಥೆ. ಇದು ಒಂದೇ ಯೋಜನೆಯಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ, ಕಾರ್ಮಿಕರ ರಾಜ್ಯ ವಿಮೆ (ಇಎಸ್‌ಐ), ಯಶಸ್ವಿನಿ, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ನೆರವು, ತಾಯಿ ಮಕ್ಕಳ ಯೋಜನೆಗಳು, ವಾರ್ಡ್ ಮಟ್ಟದ ‘ನಮ್ಮ ಕ್ಲಿನಿಕ್’ ಮತ್ತು ಸರ್ಕಾರಿ ಆಸ್ಪತ್ರೆಗಳ ರಿಯಾಯಿತಿ ದರ ಎಲ್ಲವೂ ಸೇರಿ ಈ ವ್ಯವಸ್ಥೆ ಆಗಿದೆ. ಜನರ ಬಾಯಲ್ಲಿ ಇವೆಲ್ಲ ‘ಕಾರ್ಡ್’ ಎಂಬ ಒಂದೇ ಮಾತಿನಲ್ಲಿ ಬರುತ್ತವೆ. ಆದರೆ ಯಾವ ಕಾರ್ಡ್ ಯಾವ ಬಾಗಿಲು ತೆರೆಯುತ್ತದೆ ಎಂಬುದು ಬೇರೆ ಬೇರೆ. ಆಸ್ಪತ್ರೆ ಎಷ್ಟು ಹತ್ತಿರವಿದೆ ಎಂಬುದಕ್ಕಿಂತ ಕೈಯಲ್ಲಿ ಯಾವ ಪಡಿತರ ಚೀಟಿ ಇದೆ ಎಂಬುದೇ ಇಲ್ಲಿ ಬಡವನ ಚಿಕಿತ್ಸೆಯನ್ನು ಹೆಚ್ಚಾಗಿ ನಿರ್ಧರಿಸುತ್ತದೆ.

ಪ್ರದೇಶ ಮತ್ತು ಜನ

ಸ್ವಾತಂತ್ರ್ಯದ ಹೊಸ್ತಿಲಲ್ಲಿ ರೂಪುಗೊಂಡ ಜಯನಗರವೂ ಅನಂತರದ ದಶಕಗಳಲ್ಲಿ ಬೆಳೆದ ಬನಶಂಕರಿ, ಜೆ.ಪಿ. ನಗರ, ಬಿಟಿಎಂ ಬಡಾವಣೆಗಳೂ ಮಧ್ಯಮ ವರ್ಗದ ನೆಲೆ ಎಂದೇ ಹೆಸರಾಗಿವೆ. ಆದರೆ ಈ ಬಡಾವಣೆಗಳು ಖಾಲಿ ನೆಲದ ಮೇಲೆ ಎದ್ದವಲ್ಲ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಮೊದಲಕ್ಷರಗಳಿಂದಲೇ ಬಿಟಿಎಂ ಹೆಸರು ಬಂದಿದೆ. ಸಾರಕ್ಕಿ, ಯಡಿಯೂರು, ಸಿದ್ದಾಪುರದಂಥ ಹಳೆಯ ಊರುಗಳು, ತಿಲಕ್‌ನಗರ, ಗುರಪ್ಪನಪಾಳ್ಯ, ರಾಗಿಗುಡ್ಡ, ಯಾರಬ್‌ನಗರದಂಥ ದಟ್ಟ ವಸತಿಗಳು ವಿಶಾಲ ರಸ್ತೆಗಳ ಬೆನ್ನಿಗೇ ಇವೆ. ಮನೆಗೆಲಸದವರು, ಗಾರೆ ಕೆಲಸದವರು, ಆಟೊ ಚಾಲಕರು, ತಳ್ಳುಗಾಡಿಯವರು, ಪೌರಕಾರ್ಮಿಕರು, ಗಾರ್ಮೆಂಟ್ಸ್ ನೌಕರರು, ಸೆಕ್ಯುರಿಟಿ ಗಾರ್ಡ್‌ಗಳು ಮತ್ತು ಈಚಿನ ವರ್ಷಗಳಲ್ಲಿ ಊಟ-ದಿನಸಿ ತಲುಪಿಸುವ ಡೆಲಿವರಿ ಹುಡುಗರು ಇಲ್ಲಿನ ಕಡಿಮೆ ಆದಾಯದ ಜನ. ಒಂದೇ ಮನೆಯಲ್ಲಿ ಹೆಂಡತಿಗೆ ಇಎಸ್‌ಐ, ಗಂಡನಿಗೆ ಕಟ್ಟಡ ಕಾರ್ಮಿಕರ ಕಾರ್ಡ್, ಅತ್ತೆಗೆ ಊರಿನ ಪಡಿತರ ಚೀಟಿ ಇರುವುದು ಇಲ್ಲಿ ಅಪರೂಪವಲ್ಲ.

ಹಿನ್ನೆಲೆ

ಮೈಸೂರು ಸಂಸ್ಥಾನದ ಕಾಲದಿಂದಲೂ ಬೆಂಗಳೂರಿನ ಬಡವರ ಆಸರೆ ಸರ್ಕಾರಿ ದೊಡ್ಡಾಸ್ಪತ್ರೆ. 1898ರ ಪ್ಲೇಗ್ ಪೇಟೆಯ ಇಕ್ಕಟ್ಟನ್ನು ಬಯಲು ಮಾಡಿತು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳ ಬೆಳವಣಿಗೆಗೂ ಅದು ಕಾರಣವಾಯಿತು. 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆ, 1935ರಲ್ಲಿ ವಾಣಿವಿಲಾಸ ಹೆರಿಗೆ ಆಸ್ಪತ್ರೆ ಆರಂಭವಾದವು. ಸ್ವಾತಂತ್ರ್ಯಾನಂತರವೂ ‘ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಅಥವಾ ಅಗ್ಗದ ಚಿಕಿತ್ಸೆ’ ಎಂಬುದೇ ನೀತಿಯಾಗಿತ್ತು. ಆಗ ರೋಗಿಯ ಹೆಸರಿನಲ್ಲಿ ಹಣ ನಿಗದಿಯಾಗುತ್ತಿರಲಿಲ್ಲ, ಆಸ್ಪತ್ರೆಗೆ ಅನುದಾನ ಹೋಗುತ್ತಿತ್ತು.

ಈ ಪದ್ಧತಿ ಬದಲಾಗತೊಡಗಿದ್ದು 2003ರಲ್ಲಿ. ಹೃದ್ರೋಗ ತಜ್ಞ ಡಾ. ದೇವಿ ಶೆಟ್ಟಿ ಅವರ ಸಲಹೆಯ ಮೇರೆಗೆ ಎಸ್.ಎಂ. ಕೃಷ್ಣ ಸರ್ಕಾರ ಸಹಕಾರ ಸಂಘಗಳ ಸದಸ್ಯ ರೈತರಿಗಾಗಿ ‘ಯಶಸ್ವಿನಿ’ ಯೋಜನೆ ಜಾರಿಗೆ ತಂದಿತು. ಒಬ್ಬರಿಗೆ ತಿಂಗಳಿಗೆ 5 ರೂಪಾಯಿಯ ವಂತಿಗೆಯಲ್ಲಿ ಖಾಸಗಿ ಆಸ್ಪತ್ರೆಯಲ್ಲೂ ಶಸ್ತ್ರಚಿಕಿತ್ಸೆ ಸಾಧ್ಯ ಎಂದು ಅದು ತೋರಿಸಿತು. 2009ರಲ್ಲಿ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಸ್ಥಾಪನೆಯಾಯಿತು. 2010ರಲ್ಲಿ ಕಲಬುರಗಿ ವಿಭಾಗದಿಂದ ಆರಂಭವಾದ ‘ವಾಜಪೇಯಿ ಆರೋಗ್ಯಶ್ರೀ’ ಬಡತನ ರೇಖೆಗಿಂತ ಕೆಳಗಿನ (ಬಿಪಿಎಲ್) ಕುಟುಂಬಗಳಿಗೆ ಹೃದಯ, ಕ್ಯಾನ್ಸರ್, ಮೂತ್ರಪಿಂಡ, ನರರೋಗ ಮೊದಲಾದ ದುಬಾರಿ ಚಿಕಿತ್ಸೆಗಳನ್ನು ವರ್ಷಕ್ಕೆ 1.5 ಲಕ್ಷ ರೂಪಾಯಿಯವರೆಗೆ, ಅಗತ್ಯ ಬಿದ್ದರೆ ಇನ್ನೂ 50 ಸಾವಿರದವರೆಗೆ ಒದಗಿಸಿತು. ಯೋಜನೆ ತಲುಪಿದ ಹಳ್ಳಿಗಳನ್ನೂ ಗಡಿಯಾಚೆ ಇನ್ನೂ ತಲುಪದ ಹಳ್ಳಿಗಳನ್ನೂ ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಯ ವ್ಯಾಪ್ತಿಯ ರೋಗಗಳಿಂದ ಸತ್ತ ಬಡವರ ಪ್ರಮಾಣ ಯೋಜನೆ ಇಲ್ಲದ ಕಡೆ ಶೇ 0.90, ಇದ್ದ ಕಡೆ ಶೇ 0.32 ಇತ್ತು. ಸರ್ಕಾರಿ ವಿಮೆ ಜೀವ ಉಳಿಸುತ್ತದೆ ಎಂಬುದಕ್ಕೆ ಕರ್ನಾಟಕದ ಈ ಅನುಭವ ಹೊರದೇಶಗಳಲ್ಲೂ ಉಲ್ಲೇಖಗೊಂಡಿದೆ.

ಬಡತನ ರೇಖೆಗಿಂತ ಮೇಲಿನ (ಎಪಿಎಲ್) ಕುಟುಂಬಗಳಿಗೆ ರಾಜೀವ್ ಆರೋಗ್ಯ ಭಾಗ್ಯ, ರಸ್ತೆ ಅಪಘಾತದಲ್ಲಿ ಗಾಯಗೊಂಡವರಿಗೆ 2016ರ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ ಹೀಗೆ ಒಂದರ ಮೇಲೊಂದು ಯೋಜನೆಗಳು ಬಂದವು. ಇವನ್ನೆಲ್ಲ ಒಂದೇ ಸೂರಿನಡಿ ತರುವ ಉದ್ದೇಶದಿಂದ 2018ರ ಮಾರ್ಚ್ 2ರಂದು ‘ಆರೋಗ್ಯ ಕರ್ನಾಟಕ’ ಆರಂಭವಾಯಿತು. ಅದೇ ವರ್ಷ ಸೆಪ್ಟೆಂಬರ್ 23ರಂದು ಕೇಂದ್ರದ ಆಯುಷ್ಮಾನ್ ಭಾರತ್ ಯೋಜನೆ ಜಾರಿಗೆ ಬಂತು. ಅಕ್ಟೋಬರ್ ಕೊನೆಯಲ್ಲಿ ಎರಡೂ ಒಂದಾದವು. 2023ರ ಡಿಸೆಂಬರ್‌ನಿಂದ ಕಾರ್ಡ್‌ಗಳ ಮೇಲೆ ‘ಮುಖ್ಯಮಂತ್ರಿ ಆರೋಗ್ಯ ಕರ್ನಾಟಕ’ ಎಂಬ ಹೆಸರೂ ಸೇರಿದೆ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ

ಇದು ಇಂದಿನ ವ್ಯವಸ್ಥೆಯ ಬೆನ್ನೆಲುಬು. ಇಲ್ಲಿ ವಿಮಾ ಕಂಪನಿ ಇಲ್ಲ, ವಂತಿಗೆಯೂ ಇಲ್ಲ. ಪ್ರತಿ ಚಿಕಿತ್ಸೆಗೂ ಮೊದಲೇ ಗೊತ್ತುಮಾಡಿದ ಪ್ಯಾಕೇಜ್ ದರವನ್ನು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನೇರವಾಗಿ ಆಸ್ಪತ್ರೆಗೆ ಪಾವತಿಸುತ್ತದೆ. ಆರಂಭದಲ್ಲಿ 1,650 ಚಿಕಿತ್ಸೆಗಳು ಪಟ್ಟಿಯಲ್ಲಿದ್ದವು.

ರೋಗಿಗಳು ಎರಡು ವರ್ಗ. ಆಹಾರ ಭದ್ರತಾ ಕಾಯ್ದೆಯಡಿ ಅಂತ್ಯೋದಯ ಅಥವಾ ಆದ್ಯತಾ (ಬಿಪಿಎಲ್) ಪಡಿತರ ಚೀಟಿ ಇರುವವರು ‘ಅರ್ಹತಾ ರೋಗಿ’. ಅಂಥ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಪೂರ್ಣ ಉಚಿತ ಚಿಕಿತ್ಸೆ. ಈ ಮೊತ್ತ ಇಡೀ ಕುಟುಂಬಕ್ಕೆ ಸೇರಿದ್ದು, ತಲೆಗೆ ಇಷ್ಟು ಎಂದು ಹಂಚಿದ್ದಲ್ಲ. ಎಪಿಎಲ್ ಚೀಟಿ ಇರುವವರು ಮತ್ತು ಯಾವ ಚೀಟಿಯೂ ಇಲ್ಲದವರು ‘ಸಾಮಾನ್ಯ ರೋಗಿ’. ಅವರಿಗೆ ಪ್ಯಾಕೇಜ್ ದರದ ಶೇ 30ರಷ್ಟನ್ನು ಸರ್ಕಾರ ಕೊಡುತ್ತದೆ, ಉಳಿದ ಶೇ 70 ರೋಗಿಯದು. ಕುಟುಂಬಕ್ಕೆ ವರ್ಷದ ಮಿತಿ 1.5 ಲಕ್ಷ. ರಾಜ್ಯದ ಸುಮಾರು 1.15 ಕೋಟಿ ಬಿಪಿಎಲ್ ಕುಟುಂಬಗಳ ಪೈಕಿ ಕೇಂದ್ರದ ಸಮೀಕ್ಷೆಯ ಪಟ್ಟಿಯಲ್ಲಿರುವ ಸುಮಾರು 62 ಲಕ್ಷ ಕುಟುಂಬಗಳ ಖರ್ಚನ್ನು ಕೇಂದ್ರ ಮತ್ತು ರಾಜ್ಯ 60:40ರ ಅನುಪಾತದಲ್ಲಿ ಹಂಚಿಕೊಳ್ಳುತ್ತವೆ. ಉಳಿದವರ ಹೊರೆ ಪೂರ್ತಿ ರಾಜ್ಯದ್ದು.

ಚಿಕಿತ್ಸೆಗಳನ್ನು ಸಾಮಾನ್ಯ ದ್ವಿತೀಯ ಹಂತ, ಕ್ಲಿಷ್ಟಕರ ದ್ವಿತೀಯ ಹಂತ, ತೃತೀಯ ಹಂತ ಮತ್ತು ತುರ್ತು ಎಂದು ನಾಲ್ಕಾಗಿ ವಿಂಗಡಿಸಲಾಗಿದೆ. ಮೊದಲನೆಯದು ಸರ್ಕಾರಿ ಆಸ್ಪತ್ರೆಯಲ್ಲೇ ಆಗಬೇಕು. ಎರಡನೆಯದಕ್ಕೂ ಮೂರನೆಯದಕ್ಕೂ ರೋಗಿ ಮೊದಲು ಸರ್ಕಾರಿ ಆಸ್ಪತ್ರೆಗೆ ಬರಬೇಕು. ಅಲ್ಲಿ ಸೌಲಭ್ಯ ಅಥವಾ ಹಾಸಿಗೆ ಇಲ್ಲದಿದ್ದರೆ ರೆಫರಲ್ ಪತ್ರ ಪಡೆದು ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬಹುದು. ತುರ್ತು ಪಟ್ಟಿಯಲ್ಲಿರುವ ಸುಮಾರು 170 ಚಿಕಿತ್ಸೆಗಳಿಗೆ ಮಾತ್ರ ರೆಫರಲ್ ಬೇಡ. ಎದೆನೋವೆಂದು ರಾತ್ರಿ ಕರೆತಂದ ಆಟೊ ಚಾಲಕನನ್ನು ನೋಂದಾಯಿತ ಆಸ್ಪತ್ರೆ ನೇರವಾಗಿ ದಾಖಲಿಸಿಕೊಳ್ಳಬಹುದು. ಅದೇ ಚಾಲಕನ ತಾಯಿಗೆ ಮಂಡಿ ಕೀಲು ಬದಲಿಸಬೇಕಾದರೆ ದಾರಿ ಸರ್ಕಾರಿ ಆಸ್ಪತ್ರೆಯ ಮೂಲಕವೇ.

ಕಾರ್ಡ್‌ಗಳ ಗೊಂದಲ ಇಲ್ಲೇ ಹೆಚ್ಚು. 14 ಅಂಕಿಗಳ ‘ಆಭಾ’ ಕಾರ್ಡ್ ರೋಗಿಯ ದಾಖಲೆಗಳನ್ನು ಒಂದೆಡೆ ಇಡಲು ಕೊಡುವ ಗುರುತಿನ ಸಂಖ್ಯೆ ಮಾತ್ರ, ಅದರಲ್ಲಿ ಒಂದು ರೂಪಾಯಿಯ ಚಿಕಿತ್ಸೆಯೂ ಇಲ್ಲ. ಮೊಬೈಲಿನಲ್ಲಿ ಸುಲಭವಾಗಿ ಸಿಗುವ ಕಾರಣ ಅದನ್ನೇ ಆಯುಷ್ಮಾನ್ ಕಾರ್ಡ್ ಎಂದುಕೊಂಡು ಆಸ್ಪತ್ರೆಗೆ ಬರುವವರಿದ್ದಾರೆ. ಆಯುಷ್ಮಾನ್ ಕಾರ್ಡ್ ಆಧಾರ್ ಮತ್ತು ಪಡಿತರ ಚೀಟಿ ತೋರಿಸಿ ‘ಬೆಂಗಳೂರು ಒನ್’ನಂಥ ಸೇವಾ ಕೇಂದ್ರಗಳಲ್ಲಿ ಮಾಡಿಸಿಕೊಳ್ಳಬೇಕಾದದ್ದು. ಕೇಂದ್ರ ಯೋಜನೆಯ ಸಹಾಯವಾಣಿ 14555, ರಾಜ್ಯದ ಆರೋಗ್ಯ ಸಹಾಯವಾಣಿ 104.

ಪಡಿತರ ಚೀಟಿಯ ಪಾತ್ರ

ಅಕ್ಕಿಗಾಗಿ ಹುಟ್ಟಿದ ಚೀಟಿ ಕರ್ನಾಟಕದಲ್ಲಿ ಆಸ್ಪತ್ರೆಯ ಪ್ರವೇಶಪತ್ರವೂ ಆಗಿದೆ. ಹೀಗಾಗಿ ಆಹಾರ ಇಲಾಖೆಯ ಮಾನದಂಡಗಳೇ ಆರೋಗ್ಯ ರಕ್ಷಣೆಯ ಮಾನದಂಡಗಳೂ ಆಗಿವೆ. ಬಿಪಿಎಲ್ ಚೀಟಿಗೆ ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷ ರೂಪಾಯಿ ಮೀರಬಾರದು. ಆದಾಯ ತೆರಿಗೆ ಕಟ್ಟುವವರು, ಸರ್ಕಾರಿ ನೌಕರರು, ಸ್ವಂತ ಬಳಕೆಗೆ ನಾಲ್ಕು ಚಕ್ರದ ವಾಹನ ಇಟ್ಟವರು, ನಗರದಲ್ಲಿ 1,000 ಚದರ ಅಡಿಗಿಂತ ದೊಡ್ಡ ಸ್ವಂತ ಮನೆ ಇರುವವರು ಅರ್ಹರಲ್ಲ.

1.20 ಲಕ್ಷ ಎಂದರೆ ತಿಂಗಳಿಗೆ 10,000 ರೂಪಾಯಿ. ಬೆಂಗಳೂರಿನಲ್ಲಿ ಪೂರ್ಣಾವಧಿ ದುಡಿಯುವ ಒಬ್ಬ ಸೆಕ್ಯುರಿಟಿ ಗಾರ್ಡ್‌ನ ಸಂಬಳವೇ ಈ ಗೆರೆ ದಾಟುತ್ತದೆ. ಬಾಡಿಗೆ, ಶಾಲಾ ಶುಲ್ಕ, ಬಸ್ಸಿನ ಖರ್ಚು ಕಳೆದ ಮೇಲೆ ಆ ಕುಟುಂಬ ಬಡತನದಲ್ಲೇ ಇರುತ್ತದೆ, ಕಾಗದದ ಮೇಲೆ ಮಾತ್ರ ಇರುವುದಿಲ್ಲ. ಹಳ್ಳಿಗೂ ಮಹಾನಗರಕ್ಕೂ ಒಂದೇ ಆದಾಯ ಮಿತಿ ಇಟ್ಟಿರುವುದರ ಫಲ ಇದು. 2024ರ ನವೆಂಬರ್‌ನಲ್ಲಿ ಅನರ್ಹರೆಂದು ಬಿಪಿಎಲ್ ಚೀಟಿಗಳನ್ನು ರದ್ದುಪಡಿಸಿದಾಗ ರಾಜ್ಯದೆಲ್ಲೆಡೆ ಗದ್ದಲವೆದ್ದಿತು. ಅರ್ಹರ ಚೀಟಿಗಳನ್ನು ಮರಳಿಸುವಂತೆ ಮುಖ್ಯಮಂತ್ರಿ ಸೂಚಿಸಬೇಕಾಯಿತು. ಅಂದು ಚರ್ಚೆಯೆಲ್ಲ ಅಕ್ಕಿಯ ಸುತ್ತಲೇ ನಡೆಯಿತು. ಚೀಟಿ ಹೋದರೆ 5 ಲಕ್ಷ ರೂಪಾಯಿಯ ಚಿಕಿತ್ಸೆಯೂ ಹೋಗಿ ಶೇ 30ರ ಸಾಲಿಗೆ ಇಳಿಯಬೇಕಾಗುತ್ತದೆ ಎಂಬುದು ಡಯಾಲಿಸಿಸ್, ಕಿಮೋಥೆರಪಿಯ ನಡುವೆ ಇರುವ ಮನೆಗಳಿಗೆ ಮಾತ್ರ ಚೆನ್ನಾಗಿ ಗೊತ್ತಿತ್ತು.

ಚೀಟಿ ಇದ್ದರೂ ಹೆಸರು ಹೊಂದಬೇಕು. ಪಡಿತರ ಚೀಟಿಯಲ್ಲಿ ‘ಲಕ್ಷ್ಮಮ್ಮ’, ಆಧಾರ್‌ನಲ್ಲಿ ‘ಲಕ್ಷ್ಮೀದೇವಮ್ಮ’ ಎಂದಿದ್ದರೆ ನೋಂದಣಿ ಕೌಂಟರಿನಲ್ಲಿ ಕೆಲಸ ನಿಲ್ಲುತ್ತದೆ. ಮದುವೆಯಾಗಿ ಬಂದ ಸೊಸೆಯ ಹೆಸರು ತವರಿನ ಚೀಟಿಯಲ್ಲೇ ಉಳಿದಿರುವುದು, ಹುಟ್ಟಿದ ಮಗುವಿನ ಹೆಸರು ಇನ್ನೂ ಸೇರದಿರುವುದು, ಇ-ಕೆವೈಸಿ ಆಗದಿರುವುದು ಇವೆಲ್ಲ ಚಿಕಿತ್ಸೆ ತಡವಾಗಲು ಸಾಮಾನ್ಯ ಕಾರಣಗಳು.

ಕೌಂಟರಿನಿಂದ ಶಸ್ತ್ರಚಿಕಿತ್ಸೆವರೆಗೆ

ರಾಗಿಗುಡ್ಡದಲ್ಲಿ ವಾಸವಿದ್ದು ಜೆ.ಪಿ. ನಗರದ ಮೂರು ಮನೆಗಳಲ್ಲಿ ಕೆಲಸ ಮಾಡುವ ಮಹಿಳೆಯೊಬ್ಬರಿಗೆ ಪಿತ್ತಕೋಶದ ಕಲ್ಲಿನ ನೋವು ಬಂದಿದೆ ಎಂದುಕೊಳ್ಳೋಣ. ಮೊದಲ ಹೆಜ್ಜೆ ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದ (ಒಪಿಡಿ) ಚೀಟಿ. ಅದಕ್ಕೆ ಸಣ್ಣ ಶುಲ್ಕವಿದೆ, ಸರದಿ ಬೆಳಗ್ಗೆಯೇ ಬೆಳೆದಿರುತ್ತದೆ. ವೈದ್ಯರು ನೋಡಿ ಸ್ಕ್ಯಾನಿಂಗ್, ರಕ್ತ ಪರೀಕ್ಷೆ ಬರೆಯುತ್ತಾರೆ. ವರದಿ ಹಿಡಿದು ಇನ್ನೊಂದು ದಿನ ಬರಬೇಕು. ಶಸ್ತ್ರಚಿಕಿತ್ಸೆ ಬೇಕೆಂದಾದರೆ ಬಿಪಿಎಲ್ ಪಡಿತರ ಚೀಟಿ, ಆಧಾರ್ ಮೂಲ ಮತ್ತು ಜೆರಾಕ್ಸ್ ಕೊಟ್ಟು ಯೋಜನೆಯ ಕೌಂಟರಿನಲ್ಲಿ ನೋಂದಾಯಿಸಬೇಕು. ಅಲ್ಲಿ ಕುಳಿತಿರುವ ಆರೋಗ್ಯಮಿತ್ರ ಸಿಬ್ಬಂದಿ ರೋಗಕ್ಕೆ ಹೊಂದುವ ಪ್ಯಾಕೇಜ್ ಸಂಕೇತ ಗುರುತಿಸಿ ಟ್ರಸ್ಟ್‌ನ ಪೂರ್ವಾನುಮತಿಗೆ ಕಳಿಸುತ್ತಾರೆ. ಅನುಮತಿ ಬಂದ ಮೇಲೆ ದಾಖಲಾತಿ. ಬಿಡುಗಡೆಯ ದಿನ ರೋಗಿಯಿಂದ ಪ್ಯಾಕೇಜ್ ಮೊತ್ತಕ್ಕೆ ಹಣ ಕೇಳುವಂತಿಲ್ಲ.

ಲೆಕ್ಕದ ಪ್ರಕಾರ ಇದು ಉಚಿತ. ಆದರೆ ಈ ಹೆಜ್ಜೆಗಳಿಗಾಗಿ ಆಕೆ ಹಲವು ದಿನ ಕೆಲಸ ಬಿಟ್ಟಿರುತ್ತಾರೆ. ಶಸ್ತ್ರಚಿಕಿತ್ಸೆಯ ನಂತರ ಭಾರ ಎತ್ತುವಂತಿಲ್ಲ, ಅಂದರೆ ಮನೆಗೆಲಸಕ್ಕೆ ಹೋಗುವಂತಿಲ್ಲ. ಆ ಅವಧಿಯ ಸಂಬಳ ಯಾವ ಪ್ಯಾಕೇಜಿನಲ್ಲೂ ಇಲ್ಲ.

ಸರ್ಕಾರಿ ಆಸ್ಪತ್ರೆಗಳು

ಈ ಭಾಗದಲ್ಲಿ ಸರ್ಕಾರಿ ಹಾಗೂ ಸ್ವಾಯತ್ತ ವಿಶೇಷ ಆಸ್ಪತ್ರೆಗಳು ಹತ್ತಿರ ಹತ್ತಿರ ಹಲವಾರು ಇವೆ. ಸುತ್ತಲಿನ ಜನರ ಮೊದಲ ದೊಡ್ಡಾಸ್ಪತ್ರೆ ಜಯನಗರ 4ನೇ ‘ಟಿ’ ಬ್ಲಾಕಿನ ಸಾರ್ವಜನಿಕ ಆಸ್ಪತ್ರೆ. ‘ಜಯನಗರ ಜನರಲ್’ ಎಂದೇ ರೂಢಿ. ಹೆರಿಗೆ, ಸಾಮಾನ್ಯ ಶಸ್ತ್ರಚಿಕಿತ್ಸೆ, ಮಕ್ಕಳ ವಿಭಾಗ, ಡಯಾಲಿಸಿಸ್ ಇಲ್ಲಿ ದೊರೆಯುತ್ತವೆ. ಖಾಸಗಿ ಆಸ್ಪತ್ರೆಗೆ ಬೇಕಾದ ರೆಫರಲ್ ಪತ್ರಕ್ಕೂ ಸುತ್ತಲಿನವರು ಬರುವುದು ಇಲ್ಲಿಗೇ.

ಬೈರಸಂದ್ರದ ಸಂಜಯ್ ಗಾಂಧಿ ಅಪಘಾತ ಮತ್ತು ಮೂಳೆ ಚಿಕಿತ್ಸಾ ಸಂಸ್ಥೆ ಅಪಘಾತಕ್ಕೆ ಸಿಕ್ಕಿದವರ ಆಸರೆ. ರಸ್ತೆ ಅಪಘಾತದ ಗಾಯಾಳುಗಳಿಗೆ ಏಳು ದಿನದೊಳಗೆ 1.5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆ 2025ರ ಮೇ ತಿಂಗಳಲ್ಲಿ ಅಧಿಸೂಚಿತವಾಗಿದೆ; ಅದಕ್ಕೆ ಬಿಪಿಎಲ್ ಚೀಟಿ ಬೇಕಿಲ್ಲ. ಬನ್ನೇರುಘಟ್ಟ ರಸ್ತೆಯ ಶ್ರೀ ಜಯದೇವ ಹೃದ್ರೋಗ ವಿಜ್ಞಾನ ಸಂಸ್ಥೆ ಸ್ವಾಯತ್ತ ಸಂಸ್ಥೆ. ಡಾ. ಸಿ.ಎನ್. ಮಂಜುನಾಥ್ ಅವರು 2006ರಿಂದ 2024ರ ಜನವರಿವರೆಗೆ ನಿರ್ದೇಶಕರಾಗಿದ್ದಾಗ ಚಿಕಿತ್ಸೆ ಮೊದಲು, ಹಣದ ಮಾತು ಆಮೇಲೆ ಎಂಬ ಪದ್ಧತಿಯನ್ನು ಅಲ್ಲಿ ನೆಲೆಗೊಳಿಸಿದರು. ಹೃದಯಾಘಾತವಾದವರಿಗೆ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೇ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ‘ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆಯಲ್ಲಿ ತಜ್ಞ ಕೇಂದ್ರವಾಗಿ ನಿಂತಿರುವುದೂ ಇದೇ ಜಯದೇವ.

ಹೊಸೂರು ರಸ್ತೆಯ ಬದಿಯಲ್ಲಿ 1973ರ ಕಿದ್ವಾಯಿ ಸ್ಮಾರಕ ಗಂಥಿ (ಕ್ಯಾನ್ಸರ್) ಸಂಸ್ಥೆ, 1974ರಲ್ಲಿ ಈಗಿನ ರೂಪ ಪಡೆದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ನಿಮ್ಹಾನ್ಸ್, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಇವೆ. ಬಿಪಿಎಲ್ ಕುಟುಂಬದವರಿಗೆ ಇಲ್ಲೆಲ್ಲ ಉಚಿತ ಅಥವಾ ರಿಯಾಯಿತಿ ಚಿಕಿತ್ಸೆ ಇದೆ. ಆದರೆ ಇವು ತಿಲಕ್‌ನಗರದವರ ಆಸ್ಪತ್ರೆಗಳಷ್ಟೇ ಅಲ್ಲ. ರಾಯಚೂರು, ಬಳ್ಳಾರಿ, ಚಿತ್ರದುರ್ಗದಿಂದಲೂ ಆಂಧ್ರ, ತಮಿಳುನಾಡು, ಪಶ್ಚಿಮ ಬಂಗಾಳದಿಂದಲೂ ರೋಗಿಗಳು ಬಂದು ಧರ್ಮಶಾಲೆ, ರಾತ್ರಿ ತಂಗುದಾಣಗಳಲ್ಲಿ ಉಳಿದು ಸರದಿ ಕಾಯುತ್ತಾರೆ. ಪಕ್ಕದ ಬೀದಿಯಲ್ಲಿದ್ದರೂ ಸ್ಥಳೀಯರಿಗೆ ಅದೇ ಸರದಿ. ಮಾನಸಿಕ ಸಂಕಷ್ಟಕ್ಕೆ ನಿಮ್ಹಾನ್ಸ್ ಹೊಣೆಯಲ್ಲಿ 2022ರ ಅಕ್ಟೋಬರ್‌ನಿಂದ ನಡೆಯುತ್ತಿರುವ ಟೆಲಿ ಮಾನಸ್ ಸಹಾಯವಾಣಿ 14416 ಮಾತ್ರ ಮನೆಯಿಂದಲೇ ಸಿಗುತ್ತದೆ.

ವಾರ್ಡ್ ಮಟ್ಟದ ಆರೈಕೆ

ಬಿಪಿ, ಸಕ್ಕರೆ ಕಾಯಿಲೆ, ಜ್ವರ, ಕೆಮ್ಮು, ಲಸಿಕೆಗಳಿಗೆ ನಗರ ಪ್ರಾಥಮಿಕ ಆರೋಗ್ಯ ಕೇಂದ್ರಗಳು, ಹೆರಿಗೆ ಆಸ್ಪತ್ರೆಗಳು ಮತ್ತು ಬನಶಂಕರಿ ರೆಫರಲ್ ಆಸ್ಪತ್ರೆಯಂಥವು ಇವೆ. ಇವನ್ನು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ನಡೆಸುತ್ತಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರ ಪಾಲಿಕೆಗಳು ಬಂದಿವೆ.

2022ರ ಡಿಸೆಂಬರ್‌ನಲ್ಲಿ ರಾಜ್ಯದಲ್ಲಿ ಆರಂಭವಾದ ‘ನಮ್ಮ ಕ್ಲಿನಿಕ್’ ಯೋಜನೆಯಲ್ಲಿ ಬೆಂಗಳೂರಿಗೆ ವಾರ್ಡಿಗೊಂದರಂತೆ 243 ಕ್ಲಿನಿಕ್‌ಗಳು ನಿಗದಿಯಾದವು. ಒಬ್ಬ ವೈದ್ಯರು, ನರ್ಸ್, ಲ್ಯಾಬ್ ಟೆಕ್ನಿಷಿಯನ್ ಮತ್ತು ಸಹಾಯಕ ಸಿಬ್ಬಂದಿ ಇರುವ ಇಲ್ಲಿ ತಪಾಸಣೆ, ಔಷಧ, ಮೂಲ ರಕ್ತ-ಮೂತ್ರ ಪರೀಕ್ಷೆ ಎಲ್ಲವೂ ಉಚಿತ. ಯಾವ ಚೀಟಿಯನ್ನೂ ಕೇಳುವುದಿಲ್ಲ ಎಂಬುದು ಇದರ ದೊಡ್ಡ ಗುಣ. ಬೆಳಗ್ಗೆ 9ರಿಂದ ಸಂಜೆ 4.30 ಎಂಬ ವೇಳೆ ಮಾತ್ರ ದುಡಿಯುವವರಿಗೆ ತೊಡಕು. ಅದು ಅವರ ಕೆಲಸದ ವೇಳೆಯೂ ಹೌದು. ಹಾಗಾಗಿ ಸಂಜೆ ಏಳರ ನಂತರ ಬಾಗಿಲು ತೆರೆಯುವ ಬೀದಿಯ ಖಾಸಗಿ ಕ್ಲಿನಿಕ್ಕೇ ಕೊಳೆಗೇರಿಗಳಲ್ಲಿ ಇಂದಿಗೂ ಮೊದಲ ಆಯ್ಕೆ.

ಗರ್ಭಿಣಿಯರು ಮತ್ತು ಕ್ಷಯ ರೋಗಿಗಳ ವಿಷಯದಲ್ಲಿ ವ್ಯವಸ್ಥೆ ಹೆಚ್ಚು ಸರಳ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ಊಟ, ಹೋಗಿಬರುವ ವಾಹನ ಉಚಿತ. ಇದಕ್ಕೆ ಬಡತನದ ಪುರಾವೆ ಬೇಕಿಲ್ಲ. ಆಶಾ ಕಾರ್ಯಕರ್ತೆ ಮಾಡಿಸಿಕೊಡುವ ತಾಯಿ ಕಾರ್ಡ್ ಇದ್ದರೆ ತಪಾಸಣೆ, ಲಸಿಕೆಗಳ ಲೆಕ್ಕವೆಲ್ಲ ಅದರಲ್ಲೇ ಇರುತ್ತದೆ. ಕ್ಷಯಕ್ಕೆ ಪರೀಕ್ಷೆ ಮತ್ತು ಔಷಧ ಎಲ್ಲರಿಗೂ ಉಚಿತ. ಪೌಷ್ಟಿಕ ಆಹಾರಕ್ಕಾಗಿ ರೋಗಿಗೆ ಕೊಡುವ ಮಾಸಿಕ ನೆರವು 2024ರ ನವೆಂಬರ್‌ನಿಂದ 500ರಿಂದ 1,000 ರೂಪಾಯಿಗೆ ಏರಿದೆ.

ದುಡಿಮೆಗೆ ಅಂಟಿದ ರಕ್ಷಣೆಗಳು

1948ರ ಕಾಯ್ದೆಯಿಂದ ಬಂದ ಇಎಸ್‌ಐ ಈ ಎಲ್ಲ ಯೋಜನೆಗಳಿಗಿಂತ ಹಳೆಯದು, ಹಲವು ವಿಷಯಗಳಲ್ಲಿ ಪೂರ್ಣವಾದದ್ದು ಕೂಡ. ಹತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಪಡೆಯುವವರು ಇದರ ವ್ಯಾಪ್ತಿಗೆ ಬರುತ್ತಾರೆ. 2019ರ ಜುಲೈಯಿಂದ ನೌಕರರ ಪಾಲು ಸಂಬಳದ ಶೇ 0.75, ಮಾಲೀಕರ ಪಾಲು ಶೇ 3.25. ಬೊಮ್ಮನಹಳ್ಳಿ, ಹೊಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಖಾನೆಗಳ ಮಹಿಳೆಯರಿಗೆ ಇದೇ ಮುಖ್ಯ ರಕ್ಷಣೆ. ಇಲ್ಲಿ ಒಪಿಡಿ, ಔಷಧ, ಆಸ್ಪತ್ರೆವಾಸ ಎಲ್ಲವೂ ಸೇರಿವೆ. ಕಾಯಿಲೆಯ ರಜೆಗೆ ವರ್ಷದಲ್ಲಿ 91 ದಿನದವರೆಗೆ ಸಂಬಳದ ಶೇ 70, ಹೆರಿಗೆಗೆ 26 ವಾರಗಳ ಭತ್ಯೆ ಇದೆ. ದೊಡ್ಡ ಚಿಕಿತ್ಸೆಗೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆವರೆಗೆ ಊರಿನ ಇನ್ನೊಂದು ತುದಿಗೆ ಹೋಗಬೇಕಾಗುವುದು, ಕೆಲಸ ಬಿಟ್ಟರೆ ರಕ್ಷಣೆಯೂ ತಪ್ಪಿಹೋಗುವುದು ಇದರ ಕೊರತೆಗಳು. ಮನೆಗೆಲಸದವರು, ಆಟೊ ಚಾಲಕರು, ಬೀದಿ ವ್ಯಾಪಾರಿಗಳು ಇದರೊಳಗೆ ಬರುವುದೇ ಇಲ್ಲ.

ಕಟ್ಟಡ ಕಾರ್ಮಿಕರು ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿ, ನವೀಕರಿಸುತ್ತ ಬಂದರೆ ಆಸ್ಪತ್ರೆ ಖರ್ಚಿಗೆ ನೆರವು ಪಡೆಯಬಹುದು. 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ವಿಲೀನವಾಗಿದ್ದ ಯಶಸ್ವಿನಿ 2023ರ ಜನವರಿಯಿಂದ ಮತ್ತೆ ಜಾರಿಯಲ್ಲಿದ್ದು, ಸಹಕಾರ ಸಂಘಗಳ ಸದಸ್ಯ ಕುಟುಂಬಗಳಿಗೆ ವಂತಿಗೆಯ ಮೇಲೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಕೊಡುತ್ತದೆ. ಹಾಲಿನ ಸಂಘ, ಪತ್ತಿನ ಸಂಘಗಳ ನಂಟು ಉಳಿಸಿಕೊಂಡ, ಊರು ಬಿಟ್ಟು ನಗರ ಸೇರಿದ ಕುಟುಂಬಗಳಿಗೆ ಇದು ಉಪಯುಕ್ತ. ಯಾವ ಯೋಜನೆಯೂ ಹೊಂದದಿದ್ದಾಗ ಕೊನೆಯ ದಾರಿ ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಬಿಲ್ಲು, ವೈದ್ಯರ ಪ್ರಮಾಣಪತ್ರಗಳೊಡನೆ ಅರ್ಜಿ ಹಾಕುವುದು.

ಹೊರರಾಜ್ಯದ ಕಾರ್ಮಿಕರು

ಬಿಟಿಎಂ, ಮಡಿವಾಳ, ತಾವರೆಕೆರೆ ಸುತ್ತ ನೆಲೆಸಿರುವ ಒಡಿಶಾ, ಬಿಹಾರ, ಅಸ್ಸಾಂ, ಪಶ್ಚಿಮ ಬಂಗಾಳದ ಕಾರ್ಮಿಕರ ಬಳಿ ಕರ್ನಾಟಕದ ಪಡಿತರ ಚೀಟಿ ಇರುವುದಿಲ್ಲ. ತಮ್ಮ ರಾಜ್ಯದಲ್ಲಿ ಆಯುಷ್ಮಾನ್ ಕಾರ್ಡ್ ಪಡೆದವರು ಅದನ್ನು ದೇಶದ ಯಾವುದೇ ನೋಂದಾಯಿತ ಆಸ್ಪತ್ರೆಯಲ್ಲಿ ಬಳಸಬಹುದು ಎಂಬುದು ನಿಯಮ. ಆದರೆ ಪಶ್ಚಿಮ ಬಂಗಾಳ 2019ರ ಜನವರಿಯಲ್ಲಿ ಯೋಜನೆಯಿಂದ ಹೊರನಡೆಯಿತು. ಒಡಿಶಾ ಅದಕ್ಕೆ ಸೇರಿದ್ದು 2025ರಲ್ಲಿ. ಹೀಗಾಗಿ ಒಂದೇ ಕಟ್ಟಡದ ಸಾರುವೆಯಿಂದ ಬಿದ್ದ ಇಬ್ಬರು ಕಾರ್ಮಿಕರ ಚಿಕಿತ್ಸೆಯ ಖರ್ಚು ಅವರು ಯಾವ ರಾಜ್ಯದವರು ಎಂಬುದನ್ನು ಅವಲಂಬಿಸುವ ಸ್ಥಿತಿ ಉಂಟಾಗಿತ್ತು. ಇಂಥವರಿಗೆ ಚೀಟಿ ಕೇಳದ ನಮ್ಮ ಕ್ಲಿನಿಕ್, 2008ರಿಂದ ಇರುವ 108 ಆಂಬುಲೆನ್ಸ್, ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗ ಇವೇ ನಿಜವಾದ ರಕ್ಷಣೆ.

ಮಿತಿಗಳು

ಆಯುಷ್ಮಾನ್ ಮಾದರಿ ಒಳರೋಗಿಯ ಚಿಕಿತ್ಸೆಗೆ ರೂಪಿಸಿದ್ದು. ದಿನವೂ ನುಂಗುವ ಸಕ್ಕರೆ ಕಾಯಿಲೆಯ ಮಾತ್ರೆ, ತಿಂಗಳಿಗೊಮ್ಮೆಯ ತಪಾಸಣೆ, ಕನ್ನಡಕ, ಹಲ್ಲಿನ ಚಿಕಿತ್ಸೆಗಳಿಗೆ ಅದರಲ್ಲಿ ಜಾಗ ಕಡಿಮೆ. ರೋಗ ಯಾವುದೆಂದು ತೀರ್ಮಾನವಾಗುವ ಮುನ್ನ ಹೊರಗೆ ಮಾಡಿಸಿದ ಎಂಆರ್‌ಐ, ಸ್ಕ್ಯಾನಿಂಗ್ ಖರ್ಚು ಬಹುತೇಕ ಕುಟುಂಬದ ತಲೆಯ ಮೇಲೇ ಬೀಳುತ್ತದೆ. ಪ್ಯಾಕೇಜ್ ದರ ಸಾಲದೆಂದೂ ಬಾಕಿ ಪಾವತಿ ತಡವಾಗುತ್ತದೆಂದೂ ಖಾಸಗಿ ಆಸ್ಪತ್ರೆಗಳು ದೂರುತ್ತವೆ. ಅದರ ಪರಿಣಾಮವಾಗಿ ‘ಯೋಜನೆಯ ಹಾಸಿಗೆ ಖಾಲಿ ಇಲ್ಲ’ ಎಂಬ ಉತ್ತರ ರೋಗಿಗೆ ಸಿಗುತ್ತದೆ. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ಕೈಯಿಂದ ಹಾಕುವ ಪಾಲು 2013-14ರಲ್ಲಿ ಶೇ 64.2 ಇದ್ದದ್ದು 2021-22ರಲ್ಲಿ ಶೇ 39.4ಕ್ಕೆ ಇಳಿದಿದೆ. ಉಳಿದಿರುವ ಈ ಪಾಲು ಕೂಡ ಬಡವರ ಮಟ್ಟಿಗೆ ದೊಡ್ಡದೇ.

ಕಾನೂನಿನ ಬೆಂಬಲ ಇಲ್ಲದಿಲ್ಲ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿ ವೈದ್ಯರ ಮುಷ್ಕರದ ಬೆನ್ನಲ್ಲೇ ಅಂಗೀಕಾರವಾಯಿತು. ಅದು ರೋಗಿಗಳ ಹಕ್ಕುಗಳನ್ನು ಹೇಳುತ್ತದೆ: ತುರ್ತು ಚಿಕಿತ್ಸೆಗೆ ಮುಂಗಡ ಹಣದ ಒತ್ತಾಯ ಕೂಡದು, ಬಾಕಿಗಾಗಿ ಶವವನ್ನು ತಡೆಹಿಡಿಯಕೂಡದು. ಆದರೆ ಇದನ್ನು ಕೌಂಟರಿನಲ್ಲಿ ನಿಂತು ಹೇಳಬಲ್ಲ ಧೈರ್ಯ ಕಾಯಿಲೆಯ ಮನೆಯವರಿಗೆ ಬರುವುದು ಕಷ್ಟ. ಬಡಾವಣೆಯ ಮಹಿಳಾ ಸಂಘ, ಕಾರ್ಮಿಕ ಸಂಘಟನೆಗಳು ಜೊತೆಗೆ ಬಂದ ಕಡೆ ಮಾತಿಗೆ ಬೆಲೆ ಬರುತ್ತದೆ.

ಮೌಲ್ಯಮಾಪನ

ಎರಡು ದಶಕಗಳಲ್ಲಿ ಕರ್ನಾಟಕ ದೊಡ್ಡ ಕಾಯಿಲೆಯ ಭಯವನ್ನು ಬಿಪಿಎಲ್ ಕುಟುಂಬಗಳಿಂದ ಬಹುಮಟ್ಟಿಗೆ ದೂರ ಮಾಡಿದೆ. ತೆರೆದ ಹೃದಯದ ಶಸ್ತ್ರಚಿಕಿತ್ಸೆಗಾಗಿ ಒಡವೆ ಮಾರುವ ಕಾಲ ಅವರ ಪಾಲಿಗೆ ಹಿಂದೆ ಸರಿದಿದೆ. ಈಗ ಹೆಚ್ಚು ತೊಂದರೆಯಲ್ಲಿರುವವರು ಬಿಪಿಎಲ್‌ನ 10,000 ರೂಪಾಯಿ ಗೆರೆಗೂ ಇಎಸ್‌ಐಯ 21,000 ರೂಪಾಯಿ ಗೆರೆಗೂ ನಡುವೆ ಇರುವವರು: ಮನೆಗೆಲಸದವರು, ಚಾಲಕರು, ಡೆಲಿವರಿ ಕೆಲಸದವರು. ಅವರ ಆದಾಯ ಚೀಟಿಗೆ ಹೆಚ್ಚು, ಅವರ ಕೆಲಸ ಇಎಸ್‌ಐಗೆ ಸಲ್ಲದು. ನಗರಕ್ಕೆ ತಕ್ಕ ಆದಾಯ ಮಿತಿ, ಪಡಿತರ ಚೀಟಿಯಿಂದ ಬೇರ್ಪಟ್ಟ ಆರೋಗ್ಯ ಅರ್ಹತೆ, ಸಂಜೆಯೂ ತೆರೆದಿರುವ ವಾರ್ಡ್ ಕ್ಲಿನಿಕ್ ಈ ಮೂರು ಆಗದೆ ದಕ್ಷಿಣ ಬೆಂಗಳೂರಿನಲ್ಲಿ ಆಸ್ಪತ್ರೆಗಳು ಎಷ್ಟು ಹೆಚ್ಚಿದರೂ ಈ ಜನರಿಗೆ ಅವು ದೂರವೇ. ಅಲ್ಲಿಯವರೆಗೆ ಪ್ರತಿ ಕುಟುಂಬವೂ ಆರೋಗ್ಯವಾಗಿರುವಾಗಲೇ ಪಡಿತರ ಚೀಟಿಯಲ್ಲಿ ಮನೆಯವರೆಲ್ಲರ ಹೆಸರು ಇದೆಯೇ, ಅದು ಆಧಾರ್‌ಗೆ ಹೊಂದುತ್ತದೆಯೇ ಎಂದು ನೋಡಿ ಆಯುಷ್ಮಾನ್ ಕಾರ್ಡ್ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು.